ಅಲಾಸ್ಕಾ ಕ್ರೂಸ್ ಮತ್ತು ದಡದ ಪ್ರವಾಸಗಳ ಆಯ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಊರಿನಿಂದ ಬಂದ ತಂದೆತಾಯಿಯರನ್ನು ಕರೆದುಕೊಂಡು ಹೋಗುವ ಬೇಸಿಗೆಯ ಪ್ರವಾಸಗಳಲ್ಲಿ ಅಲಾಸ್ಕಾ ಕ್ರೂಸ್ ಕೂಡ ಒಂದು. ಆಗ್ನೇಯ ಅಲಾಸ್ಕಾದ ದ್ವೀಪಗಳ ನಡುವಿನ ಇನ್‌ಸೈಡ್ ಪ್ಯಾಸೇಜ್ ಜಲಮಾರ್ಗದಲ್ಲಿ ಸಾಗುವ ಏಳು ರಾತ್ರಿಗಳ ಯಾನಗಳನ್ನು ಗಮನದಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ. ಹಡಗಿನೊಳಗಿನ ಮನರಂಜನೆಯ ಬಗ್ಗೆ ಇಲ್ಲಿ ಏನನ್ನೂ ಹೇಳಿಲ್ಲ. ಈಜುಕೊಳವನ್ನೂ ಜಾದೂ ಪ್ರದರ್ಶನವನ್ನೂ ನೋಡಲು ಯಾರೂ ಅಷ್ಟು ದೂರ ಹೋಗಬೇಕಾಗಿಲ್ಲ.

ಯೋಜನೆಯನ್ನು ಎಲ್ಲಿಂದ ಆರಂಭಿಸಬೇಕು?

ಹೆಚ್ಚಿನವರು ಮೊದಲು ಅಗ್ಗದ ಹಡಗನ್ನು ಹುಡುಕಿ, ಹಣ ಕಟ್ಟಿ, ಹೊರಡುವ ಹಿಂದಿನ ವಾರದಲ್ಲಿ ದಡದ ಪ್ರವಾಸಗಳ, ಅಂದರೆ ಹಡಗು ಬಂದರಿನಲ್ಲಿ ನಿಂತಾಗ ಇಳಿದು ಹೋಗಿ ಬರುವ ಪ್ರವಾಸಗಳ, ಪಟ್ಟಿಯನ್ನು ತೆರೆಯುತ್ತಾರೆ. ಅಷ್ಟು ಹೊತ್ತಿಗೆ ಒಳ್ಳೆಯ ಸಮಯದ ದೋಣಿ ಮತ್ತು ರೈಲುಗಳ ಟಿಕೆಟ್ ಮುಗಿದಿರುತ್ತದೆ. ಈ ಕ್ರಮವನ್ನು ತಿರುಗಿಸುವುದು ಒಳ್ಳೆಯದು. ಮನೆಯವರೆಲ್ಲ ಕುಳಿತು ತಿಮಿಂಗಿಲ, ಹಿಮನದಿ, ಕರಡಿ, ರೈಲು ಇವುಗಳಲ್ಲಿ ಯಾವುದನ್ನು ನೋಡದೆ ಹಿಂತಿರುಗಿದರೆ ಬೇಸರವಾಗುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಅದು ತಿಂಗಳನ್ನು ನಿರ್ಧರಿಸುತ್ತದೆ, ತಿಂಗಳು ಮತ್ತು ಬಂದರುಗಳು ಸೇರಿ ಹಡಗನ್ನು ನಿರ್ಧರಿಸುತ್ತವೆ. ಹಡಗಿನ ದರದಲ್ಲಿ ಉಳಿಸಿದ ಹಣಕ್ಕಿಂತ ದಡದ ಪ್ರವಾಸಗಳಿಗೆ ತಗಲುವ ಹಣವೇ ಕೆಲವೊಮ್ಮೆ ಹೆಚ್ಚಾಗುವುದರಿಂದ ಎರಡನ್ನೂ ಒಟ್ಟಿಗೇ ಲೆಕ್ಕ ಹಾಕಬೇಕು. ಪ್ರತಿ ಬಂದರಿನಲ್ಲೂ ದುಬಾರಿ ಟಿಕೆಟ್ ಕೊಳ್ಳಬೇಕಾದ ಅಗತ್ಯವಿಲ್ಲ. ಒಂದು ದೊಡ್ಡ ಖರ್ಚು, ಒಂದು ಮಧ್ಯಮ ಖರ್ಚು, ಮತ್ತೊಂದು ಊರಿನಲ್ಲಿ ಕಾಲ್ನಡಿಗೆ ಎಂಬ ಹಂಚಿಕೆ ಒಂದು ವಾರಕ್ಕೆ ಧಾರಾಳವಾಗಿ ಸಾಕು.

ಯಾವ ತಿಂಗಳು ಸೂಕ್ತ?

ಹಡಗುಗಳು ಏಪ್ರಿಲ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಸಂಚರಿಸುತ್ತವೆ. ಮೇ ತಿಂಗಳಿನಲ್ಲಿ ಮಳೆ ಕಡಿಮೆ, ದರವೂ ಕಡಿಮೆ, ಬೆಟ್ಟಗಳ ಮೇಲೆ ಹಿಮ ಇನ್ನೂ ಉಳಿದಿರುತ್ತದೆ. ಆದರೆ ಹೊಳೆಗಳಿಗೆ ಸಾಲ್ಮನ್ ಮೀನು ದೊಡ್ಡ ಪ್ರಮಾಣದಲ್ಲಿ ಬಂದಿರುವುದಿಲ್ಲವಾದ್ದರಿಂದ ಅದನ್ನು ಹಿಡಿಯಲು ಬರುವ ಕರಡಿಗಳನ್ನು ನಿರೀಕ್ಷಿಸುವಂತಿಲ್ಲ. ಜೂನ್ ತಿಂಗಳಿನಲ್ಲಿ ಹಗಲು ಅತ್ಯಂತ ದೀರ್ಘ. ಜೂನೋ ಪಟ್ಟಣದಲ್ಲಿ ಆ ತಿಂಗಳ ಮೂರನೆಯ ವಾರದಲ್ಲಿ 18 ಗಂಟೆಗೂ ಹೆಚ್ಚು ಕಾಲ ಸೂರ್ಯನಿರುತ್ತಾನೆ, ರಾತ್ರಿ ಹತ್ತಕ್ಕೆ ಡೆಕ್ ಮೇಲೆ ನಿಂತು ಬೆಟ್ಟಗಳನ್ನು ನೋಡಬಹುದು. ಜುಲೈ ಮತ್ತು ಆಗಸ್ಟ್‌ನಲ್ಲಿ ಹೆಚ್ಚು ಬೆಚ್ಚಗಿರುತ್ತದೆ, ಮೀನು ಮತ್ತು ಕರಡಿ ಎರಡೂ ಕಾಣುವ ಸಾಧ್ಯತೆ ಹೆಚ್ಚು, ಜನಸಂದಣಿಯೂ ಹೆಚ್ಚು. ಸೆಪ್ಟೆಂಬರ್‌ನಲ್ಲಿ ದರ ಮತ್ತೆ ಇಳಿಯುತ್ತದೆ. ಮಳೆಯೂ ಗಾಳಿಯೂ ಬಲಗೊಳ್ಳುತ್ತವೆ. ಶಾಲೆಗೆ ಹೋಗುವ ಮಕ್ಕಳಿಲ್ಲದ ಕುಟುಂಬಗಳು ಮೇ ಕೊನೆಯ ವಾರ ಅಥವಾ ಜೂನ್ ಮೊದಲ ವಾರವನ್ನು ಆರಿಸಿಕೊಳ್ಳಲಿ ಎಂಬುದು ನಮ್ಮ ಅಭಿಪ್ರಾಯ. ಕರಡಿಯನ್ನು ನೋಡಲೇಬೇಕು ಎನ್ನುವವರು ಮಾತ್ರ ಆಗಸ್ಟ್‌ವರೆಗೆ ಕಾಯಬೇಕು.

ಸಿಯಾಟಲ್‌ನಿಂದ ಹೊರಡುವುದೇ, ವ್ಯಾಂಕೂವರ್‌ನಿಂದ ಹೊರಡುವುದೇ?

ಅಮೆರಿಕದಲ್ಲಿರುವವರಿಗೆ ಸಿಯಾಟಲ್‌ಗೆ ವಿಮಾನ ಸುಲಭ ಮತ್ತು ಸಾಮಾನ್ಯವಾಗಿ ಅಗ್ಗ. ಆದರೆ ಅಲ್ಲಿಂದ ಹೊರಡುವ ಹಡಗುಗಳು ಬಹುಪಾಲು ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ಅಂದರೆ ತೆರೆದ ಪೆಸಿಫಿಕ್ ಸಾಗರದಲ್ಲಿ ಸಾಗುವುದರಿಂದ ಮೊದಲ ದಿನ ಅಲೆಗಳ ಹೊಯ್ದಾಟ ಹೆಚ್ಚು. ವ್ಯಾಂಕೂವರ್‌ನಿಂದ ಹೊರಟ ಹಡಗು ದ್ವೀಪದ ಒಳಬದಿಯ ಶಾಂತ ನೀರಿನಲ್ಲಿ ಸಾಗುತ್ತದೆ, ದಾರಿಯ ಎರಡೂ ಕಡೆ ಕಾಡು ಕಾಣುತ್ತದೆ. ವ್ಯಾಂಕೂವರ್‌ನಿಂದ ಹೊರಟು ಉತ್ತರದ ಸೀವರ್ಡ್ ಅಥವಾ ವಿಟ್ಟಿಯರ್ ಬಂದರಿನಲ್ಲಿ ಮುಗಿಯುವ ಏಕಮುಖ ಯಾನಗಳೂ ಇವೆ. ಡೆನಾಲಿ ರಾಷ್ಟ್ರೀಯ ಉದ್ಯಾನವನ್ನೂ ನೋಡಬೇಕೆಂದು ಮೂರು ನಾಲ್ಕು ದಿನ ಹೆಚ್ಚು ರಜೆ ಇಟ್ಟುಕೊಂಡವರಿಗೆ ಇದು ಒಳ್ಳೆಯ ದಾರಿ.

ಎಲ್ಲಿಂದ ಹೊರಟರೂ ಹಿಂದಿನ ದಿನವೇ ಆ ಊರನ್ನು ತಲುಪಿ ಉಳಿಯಬೇಕು. ವಿಮಾನ ತಡವಾಯಿತೆಂದು ಹಡಗು ಕಾಯುವುದಿಲ್ಲ.

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಯಾವ ವೀಸಾಗಳು ಬೇಕು?

ದಡದ ಪ್ರವಾಸಗಳಿಗಿಂತ ಮೊದಲು ಬಗೆಹರಿಸಿಕೊಳ್ಳಬೇಕಾದ ಪ್ರಶ್ನೆ ಇದು. ಅಲಾಸ್ಕಾ ಅಮೆರಿಕದ ರಾಜ್ಯವಾದ್ದರಿಂದ ಅಮೆರಿಕದ ವೀಸಾ ಬೇಕೇ ಬೇಕು. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವ ಹಡಗಿಗೆ ಕೆನಡಾದ ವೀಸಾ ಏಕೆ ಎಂದು ಅನೇಕರು ಕೇಳುತ್ತಾರೆ. ಅಮೆರಿಕದ 1886ರ ಪ್ರಯಾಣಿಕ ಹಡಗು ಸೇವೆಗಳ ಕಾಯಿದೆಯ ಪ್ರಕಾರ, ವಿದೇಶದಲ್ಲಿ ನೋಂದಣಿಯಾದ ಹಡಗು ಅಮೆರಿಕದ ಬಂದರಿನಿಂದ ಪ್ರಯಾಣಿಕರನ್ನು ಕರೆದೊಯ್ದು ಅಲ್ಲಿಗೇ ಮರಳಿಸುವುದಾದರೆ ನಡುವೆ ಒಂದು ವಿದೇಶಿ ಬಂದರಿನಲ್ಲಾದರೂ ನಿಲ್ಲಬೇಕು. ದೊಡ್ಡ ಕ್ರೂಸ್ ಹಡಗುಗಳು ಬಹುತೇಕ ವಿದೇಶಿ ನೋಂದಣಿಯವು. ಆದ್ದರಿಂದಲೇ ಅವು ಕೊನೆಯ ಸಂಜೆ ಕೆಲವು ಗಂಟೆಗಳ ಕಾಲ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುತ್ತವೆ. ನೀವು ಅಲ್ಲಿ ಇಳಿಯದೆ ಕೋಣೆಯಲ್ಲೇ ಮಲಗಿದ್ದರೂ ಕೆನಡಾದ ಸಂದರ್ಶಕ ವೀಸಾ ಇಲ್ಲದಿದ್ದರೆ ಸಿಯಾಟಲ್‌ನಲ್ಲೇ ಹಡಗು ಹತ್ತಲು ಬಿಡುವುದಿಲ್ಲ.

ಅಮೆರಿಕದ ಗ್ರೀನ್ ಕಾರ್ಡ್ ಉಳ್ಳವರು ಆ ಕಾರ್ಡ್ ಮತ್ತು ಪಾಸ್‌ಪೋರ್ಟ್ ತೋರಿಸಿದರೆ ಸಾಕು, ಕೆನಡಾದ ವೀಸಾ ಬೇಕಿಲ್ಲ. ಎಚ್-1ಬಿ ಉದ್ಯೋಗ ವೀಸಾದಲ್ಲಿರುವವರಿಗೂ ಅವರ ತಂದೆತಾಯಿಯರಿಗೂ ಬೇಕು. ಪಾಸ್‌ಪೋರ್ಟ್‌ನಲ್ಲಿರುವ ಅಮೆರಿಕದ ವೀಸಾ ಮುದ್ರೆಯ ಅವಧಿ ಮುಗಿದಿದ್ದು ಐ-94 (ಅಮೆರಿಕದಲ್ಲಿ ಎಲ್ಲಿಯವರೆಗೆ ಉಳಿಯಬಹುದೆಂದು ತೋರಿಸುವ ದಾಖಲೆ) ಮಾತ್ರ ಚಾಲ್ತಿಯಲ್ಲಿದ್ದರೆ, 30 ದಿನಗಳೊಳಗಿನ ಕೆನಡಾ ಭೇಟಿಯ ನಂತರ ಮರಳಿ ಬರಲು ಅವಕಾಶ ಕೊಡುವ ನಿಯಮವೊಂದಿದೆ. ಅದಕ್ಕೆ ಷರತ್ತುಗಳೂ ಇರುವುದರಿಂದ ಹಣ ಕಟ್ಟುವ ಮೊದಲು ಕಚೇರಿಯ ವಲಸೆ ವಕೀಲರನ್ನು ಕೇಳುವುದು ವಿವೇಕ. ಊರಿನಿಂದ ಬರುವ ಹಿರಿಯರು ಅಲ್ಲಿಂದ ಹೊರಡುವ ಮೊದಲೇ ಕೆನಡಾದ ವೀಸಾ ಪಡೆದುಕೊಂಡರೆ ಇಲ್ಲಿ ಬೆರಳಚ್ಚು ಕೊಡಲು ಅಲೆಯುವುದು ತಪ್ಪುತ್ತದೆ.

ಗ್ಲೇಸಿಯರ್ ಬೇ, ಹಬ್ಬರ್ಡ್, ಎಂಡಿಕಾಟ್ ಆರ್ಮ್: ಇವುಗಳಲ್ಲಿ ವ್ಯತ್ಯಾಸವೇನು?

ಇವು ಹಡಗಿನಿಂದ ಇಳಿಯದೆ ಡೆಕ್ ಮೇಲಿಂದಲೇ ನೋಡುವ ಹಿಮನದಿಗಳ ತಾಣಗಳು. ಪ್ರತಿ ಯಾನದಲ್ಲೂ ಸಾಮಾನ್ಯವಾಗಿ ಇವುಗಳಲ್ಲಿ ಒಂದು ಇರುತ್ತದೆ. ಹಡಗನ್ನು ಆರಿಸುವಾಗ ಈಜುಕೊಳಗಳ ಸಂಖ್ಯೆಗಿಂತ ಈ ಹೆಸರನ್ನು ಹೆಚ್ಚು ಗಮನಿಸಬೇಕು.

ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದೊಳಕ್ಕೆ ದಿನಕ್ಕೆ ಹೆಚ್ಚೆಂದರೆ ಎರಡು ಕ್ರೂಸ್ ಹಡಗುಗಳಿಗೆ ಮಾತ್ರ ಪ್ರವೇಶ. ಉದ್ಯಾನದ ರೇಂಜರ್‌ಗಳು ದೋಣಿಯಲ್ಲಿ ಬಂದು ಹಡಗನ್ನು ಹತ್ತಿ, ದಿನವಿಡೀ ಧ್ವನಿವರ್ಧಕದಲ್ಲಿ ವಿವರಿಸುತ್ತಾರೆ. 1794ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್‌ನ ಸಮುದ್ರಯಾನದ ತಂಡ ಇಲ್ಲಿಗೆ ಬಂದಾಗ ಕೊಲ್ಲಿಯ ಬಾಯಿಯ ಬಳಿಯೇ ಹಿಮದ ಗೋಡೆ ನಿಂತಿತ್ತು. 1879ರಲ್ಲಿ ನಿಸರ್ಗತಜ್ಞ ಜಾನ್ ಮ್ಯೂರ್ ಬರುವ ಹೊತ್ತಿಗೆ ಅದು 60 ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿತ್ತು. ಇಂದು ಹಡಗು ಸಾಗುವ ನೀರೆಲ್ಲ ಆಗ ಹಿಮವಾಗಿತ್ತು ಎಂಬುದನ್ನು ತಿಳಿದು ನೋಡಿದರೆ ದಡದ ಸಸ್ಯಗಳೂ ಅರ್ಥಪೂರ್ಣವಾಗುತ್ತವೆ: ಕೊಲ್ಲಿಯ ಬಾಯಿಯಲ್ಲಿ ದಟ್ಟ ಕಾಡು, ಒಳಕ್ಕೆ ಹೋದಂತೆ ಪೊದೆ, ಕೊನೆಗೆ ಬರಿ ಬಂಡೆ. ಮಾರ್ಜರಿ ಹಿಮನದಿಯ ಮುಂದೆ ಹಡಗು ನಿಧಾನವಾಗಿ ತಿರುಗುವುದರಿಂದ ಎರಡೂ ಬದಿಯ ಬಾಲ್ಕನಿಗಳಿಗೆ ನೋಟ ಸಿಗುತ್ತದೆ. ಹಿಮದ ತುಂಡು ನೀರಿಗೆ ಬೀಳುವುದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಸದ್ದು ಕೇಳಿ ಕ್ಯಾಮರಾ ಎತ್ತಿದವರಿಗೆ ನೀರಿನ ಅಲೆ ಮಾತ್ರ ಸಿಗುತ್ತದೆ.

ಹಬ್ಬರ್ಡ್ ಸುಮಾರು 122 ಕಿಲೋಮೀಟರ್ ಉದ್ದದ ಹಿಮನದಿ. ಇತರ ಅನೇಕ ಹಿಮನದಿಗಳು ಕುಗ್ಗುತ್ತಿದ್ದರೂ ಇದು ಮುಂದಕ್ಕೆ ಸರಿಯುತ್ತ ಬಂದಿದೆ. 1986 ಮತ್ತು 2002ರಲ್ಲಿ ಪಕ್ಕದ ರಸೆಲ್ ಫ್ಯೋರ್ಡ್‌ನ (ಫ್ಯೋರ್ಡ್ ಎಂದರೆ ಕಡಿದಾದ ಬೆಟ್ಟಗಳ ನಡುವೆ ಒಳಚಾಚಿದ ಕಡಲ ತೋಳು) ಬಾಯಿಯನ್ನೇ ಮುಚ್ಚಿ ಅದನ್ನು ಕೆಲಕಾಲ ಸರೋವರವನ್ನಾಗಿ ಮಾಡಿತ್ತು. ನೋಟ ಭವ್ಯವಾದದ್ದು, ಆದರೆ ತೇಲುವ ಹಿಮ ಹೆಚ್ಚಿದ್ದರೆ ಹಡಗು ದೂರದಲ್ಲೇ ನಿಲ್ಲಬೇಕಾಗುತ್ತದೆ.

ಎಂಡಿಕಾಟ್ ಆರ್ಮ್ ಇಕ್ಕಟ್ಟಾದ ಫ್ಯೋರ್ಡ್, ಅದರ ಕೊನೆಯಲ್ಲಿ ಡಾಸ್ ಹಿಮನದಿ ಇದೆ. ಅದರ ನೆರೆಯ ಟ್ರೇಸಿ ಆರ್ಮ್‌ನಲ್ಲಿ 2025ರ ಆಗಸ್ಟ್‌ನಲ್ಲಿ ದೊಡ್ಡ ಭೂಕುಸಿತವಾಗಿ ಸುನಾಮಿ ಎದ್ದಿತ್ತು. ಆದ್ದರಿಂದ ಹಳೆಯ ಪ್ರವಾಸ ಕಥನಗಳನ್ನು ನಂಬದೆ ನಿಮ್ಮ ಹಡಗು ಈಗ ಎಲ್ಲಿಗೆ ಹೋಗುತ್ತದೆಂದು ವಿಚಾರಿಸಿ.

ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಗ್ಲೇಸಿಯರ್ ಬೇ ಇರುವ ಯಾನಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಹಾಲೆಂಡ್ ಅಮೆರಿಕ ಮತ್ತು ಪ್ರಿನ್ಸೆಸ್ ಕಂಪನಿಗಳ ಹಡಗುಗಳಿಗೆ ಅಲ್ಲಿ ಹೆಚ್ಚು ದಿನಗಳ ಪರವಾನಗಿ ಇದೆ.

ದಡದ ಪ್ರವಾಸವನ್ನು ಹಡಗಿನ ಮೂಲಕವೇ ಕಾಯ್ದಿರಿಸಬೇಕೆ?

ಹಡಗಿನ ಮೂಲಕ ಕಾಯ್ದಿರಿಸಿದರೆ ದರ ಹೆಚ್ಚು, ಗುಂಪು ದೊಡ್ಡದು. ಆದರೆ ಬಸ್ ಕೆಟ್ಟು ತಡವಾದರೂ ಹಡಗು ನಿಮಗಾಗಿ ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ತಲುಪಿಸುವ ಹೊಣೆ ಹೊರುತ್ತದೆ. ಹವಾಮಾನದಿಂದ ಬಂದರೇ ರದ್ದಾದರೆ ಹಣ ತಾನಾಗಿಯೇ ಮರಳುತ್ತದೆ. ಸ್ಥಳೀಯ ಕಂಪನಿಗಳಲ್ಲಿ ನೇರವಾಗಿ ಕಾಯ್ದಿರಿಸಿದರೆ ಚಿಕ್ಕ ದೋಣಿ, ಕಡಿಮೆ ಜನ, ಮಾರ್ಗದರ್ಶಕರೊಂದಿಗೆ ಮಾತಾಡುವ ಅವಕಾಶ ಸಿಗುತ್ತದೆ. ಸಮಯದ ಹೊಣೆ ಪೂರ್ತಿ ನಿಮ್ಮದು.

ನಮ್ಮ ಸಲಹೆ ಇಷ್ಟು: ಊರಿನಿಂದ ದೂರ ಹೋಗುವ, ಗಡಿ ದಾಟುವ, ಸಂಜೆ ಹಡಗು ಹೊರಡುವ ಸಮಯಕ್ಕೆ ಹತ್ತಿರವಾಗಿ ಮುಗಿಯುವ ಪ್ರವಾಸಗಳನ್ನು ಹಡಗಿನ ಮೂಲಕವೇ ಮಾಡಿ, ಬಂದರಿನ ಸುತ್ತಮುತ್ತಲಿನವನ್ನು ನೇರವಾಗಿ ಮಾಡಬಹುದು. ನೇರವಾಗಿ ಮಾಡುವವರು ಪ್ರವಾಸ ಮುಗಿಯುವುದಕ್ಕೂ ಹಡಗು ಹತ್ತಬೇಕಾದ ಕೊನೆಯ ಸಮಯಕ್ಕೂ ನಡುವೆ ಎರಡು ಗಂಟೆ ಬಿಡಬೇಕು. ಹತ್ತಬೇಕಾದ ಕೊನೆಯ ಸಮಯ ಸಾಮಾನ್ಯವಾಗಿ ಹಡಗು ಹೊರಡುವುದಕ್ಕಿಂತ ಅರ್ಧ ಗಂಟೆ ಮೊದಲು ಇರುತ್ತದೆ. ಅಲಾಸ್ಕಾದ ಗಡಿಯಾರ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ ಎಂಬುದನ್ನೂ, ಮೊಬೈಲ್ ತೋರಿಸುವ ಸಮಯವೂ ಹಡಗಿನ ಸಮಯವೂ ಒಂದೇ ಆಗಿರಬೇಕಿಲ್ಲ ಎಂಬುದನ್ನೂ ಮರೆಯಬಾರದು.

ಜೂನೋದಲ್ಲಿ ಏನನ್ನು ಆರಿಸಿಕೊಳ್ಳಬೇಕು?

ಜೂನೋ ಅಲಾಸ್ಕಾದ ರಾಜಧಾನಿ. ಹಾಗಿದ್ದರೂ ಹೊರಗಿನಿಂದ ಈ ಊರಿಗೆ ರಸ್ತೆಯಿಲ್ಲ. ಹಡಗಿನಲ್ಲಿ ಅಥವಾ ವಿಮಾನದಲ್ಲೇ ಬರಬೇಕು. ವಾರದ ದೊಡ್ಡ ಖರ್ಚನ್ನು ಇಲ್ಲಿಗೇ ಇಟ್ಟುಕೊಳ್ಳುವುದು ಸರಿ, ಏಕೆಂದರೆ ತಿಮಿಂಗಿಲ ಮತ್ತು ಹಿಮನದಿ ಎರಡನ್ನೂ ಒಂದೇ ದಿನದಲ್ಲಿ ನೋಡಬಹುದು.

ಹಂಪ್‌ಬ್ಯಾಕ್ ತಿಮಿಂಗಿಲಗಳು ಚಳಿಗಾಲವನ್ನು ಹವಾಯಿಯ ಬೆಚ್ಚನೆಯ ನೀರಿನಲ್ಲಿ ಕಳೆದು, ಬೇಸಿಗೆಯಲ್ಲಿ ಮೇವಿಗಾಗಿ ಇಲ್ಲಿಗೆ ಬರುತ್ತವೆ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅವು ಕಾಣದ ದಿನ ಅಪರೂಪ. ದೋಣಿಗಳು ಆಕ್ ಬೇ ಎಂಬಲ್ಲಿಂದ ಹೊರಡುತ್ತವೆ, ಅಲ್ಲಿಗೆ ಬಂದರಿನಿಂದ ಬಸ್ಸಿನಲ್ಲಿ ಸುಮಾರು ಅರ್ಧ ಗಂಟೆ. ದೋಣಿಗಳು ಹಂಪ್‌ಬ್ಯಾಕ್‌ಗಳಿಂದ 100 ಗಜ, ಅಂದರೆ ಸುಮಾರು 91 ಮೀಟರ್ ದೂರವಿರಬೇಕೆಂಬ ನಿಯಮವಿದೆ. ಆದ್ದರಿಂದ 8 ಅಥವಾ 10 ಪಟ್ಟು ಹತ್ತಿರ ತೋರಿಸುವ ದುರ್ಬೀನು ತಲೆಗೊಂದರಂತೆ ಇದ್ದರೆ ಒಳ್ಳೆಯದು. ದೋಣಿಯನ್ನು ಆರಿಸುವಾಗ ಕುಳಿತುಕೊಳ್ಳಲು ಬೆಚ್ಚನೆಯ ಒಳಕೋಣೆ, ಶೌಚಾಲಯ ಮತ್ತು ಹೊರಗೆ ನಿಂತು ನೋಡುವ ಜಾಗ ಈ ಮೂರೂ ಇವೆಯೇ ಎಂದು ನೋಡಿ. ಹಿರಿಯರಿದ್ದರೆ ಮೊದಲೆರಡು ಕಡ್ಡಾಯ.

ಮೆಂಡನ್‌ಹಾಲ್ ಹಿಮನದಿ ಊರಿನಿಂದ ಸುಮಾರು 20 ಕಿಲೋಮೀಟರ್. ಸರೋವರದ ಆಚೆಗೆ ಕಾಣುವ ಹಿಮನದಿಯನ್ನು ನೋಡುವ ಕಟ್ಟೆಯವರೆಗಿನ ದಾರಿ ಸಮತಟ್ಟಾಗಿದ್ದು ಗಾಲಿಕುರ್ಚಿಯೂ ಹೋಗುತ್ತದೆ. ನಗೆಟ್ ಜಲಪಾತದವರೆಗೆ ಹೋಗಿ ಬರಲು ಒಂದು ಗಂಟೆಗೂ ಸ್ವಲ್ಪ ಹೆಚ್ಚು ಬೇಕು, ದಾರಿ ಕಷ್ಟದ್ದಲ್ಲ. ನಗರ ಸಾರಿಗೆಯ ಬಸ್ ಹಿಮನದಿಯವರೆಗೆ ಹೋಗುವುದಿಲ್ಲ, ಎರಡು ಕಿಲೋಮೀಟರಿಗೂ ಹೆಚ್ಚು ದೂರದಲ್ಲೇ ಇಳಿಸುತ್ತದೆ. ಪ್ರವಾಸಿ ಬಸ್ಸುಗಳಿಗೆ ಇರುವ ಪರವಾನಗಿಯೂ ಮಿತವಾದದ್ದರಿಂದ ಅಲ್ಲಿಗೆ ಹೋಗಿ ಟಿಕೆಟ್ ಕೊಳ್ಳೋಣ ಎಂದುಕೊಂಡವರು ಕೆಲವೊಮ್ಮೆ ನಿರಾಶರಾಗುತ್ತಾರೆ. ತಿಮಿಂಗಿಲ ಮತ್ತು ಹಿಮನದಿ ಎರಡನ್ನೂ ಸೇರಿಸಿ ಮಾರುವ ಟಿಕೆಟ್ಟುಗಳಿವೆ. ಅವುಗಳಲ್ಲಿ ಹಿಮನದಿಯ ಬಳಿ ಎಷ್ಟು ಹೊತ್ತು ಬಿಡುತ್ತಾರೆಂದು ಮೊದಲೇ ಕೇಳಿ. ಮುಕ್ಕಾಲು ಗಂಟೆ ಎಂದರೆ ಜಲಪಾತವನ್ನು ಮರೆತುಬಿಡಬೇಕು.

ಇತ್ತೀಚಿನ ವರ್ಷಗಳಲ್ಲಿ ಆಗಸ್ಟ್ ತಿಂಗಳಲ್ಲಿ ಮೆಂಡನ್‌ಹಾಲ್‌ನ ಪಕ್ಕದ ಕಣಿವೆಯಲ್ಲಿ ಕೂಡಿದ ನೀರು ಹಿಮದಡಿಯಿಂದ ಒಮ್ಮೆಲೇ ಹೊರನುಗ್ಗಿ ಪ್ರವಾಹವಾಗುತ್ತಿದೆ. ಅಂಥ ದಿನಗಳಲ್ಲಿ ಅಲ್ಲಿಗೆ ಪ್ರವೇಶವಿಲ್ಲ. ಆಗ ಊರಿನ ಬಂದರಿನಿಂದಲೇ ಮೌಂಟ್ ರಾಬರ್ಟ್ಸ್ ಬೆಟ್ಟಕ್ಕೆ ಏರುವ ಕೇಬಲ್ ಕಾರು ಬದಲಿಯಾಗಬಹುದು, ಮೋಡ ಇಲ್ಲದಿದ್ದರೆ ಮಾತ್ರ.

ಹೆಲಿಕಾಪ್ಟರಿನಲ್ಲಿ ಹಿಮನದಿಯ ಮೇಲೆ ಇಳಿಯುವುದು ಆ ಹಣಕ್ಕೆ ತಕ್ಕದ್ದೇ?

ತಿಮಿಂಗಿಲದ ದೋಣಿಗಿಂತ ಇದು ಎರಡು ಮೂರು ಪಟ್ಟು ದುಬಾರಿ, ಹಿಮದ ಮೇಲೆ ನಾಯಿಬಂಡಿಯ ಸವಾರಿಯೂ ಸೇರಿದರೆ ಇನ್ನೂ ಹೆಚ್ಚು. ಮೋಡ ಕೆಳಗಿಳಿದರೆ ಹಾರಾಟ ರದ್ದಾಗುತ್ತದೆ, ಇದು ಜೂನೋದಲ್ಲಿ ಅಪರೂಪವಲ್ಲ. ರದ್ದಾದರೆ ಹಣ ಮರಳಿ ಬರುತ್ತದೆ. ಆದರೆ ಆ ದಿನ ಮರಳಿ ಬರುವುದಿಲ್ಲ, ಆ ಹೊತ್ತಿಗೆ ಬೇರೆ ಟಿಕೆಟ್ಟುಗಳೂ ಮುಗಿದಿರುತ್ತವೆ. ಬೆಳಗಿನ ಹಾರಾಟ ಕಾಯ್ದಿರಿಸಿದರೆ ಮಧ್ಯಾಹ್ನಕ್ಕೆ ಬೇರೆ ದಾರಿ ಹುಡುಕಲು ಸಮಯವಾದರೂ ಸಿಗುತ್ತದೆ. ಹತ್ತುವ ಮೊದಲು ಎಲ್ಲರ ತೂಕ ನೋಡುತ್ತಾರೆ, ಒಂದು ಮಿತಿಗಿಂತ ಹೆಚ್ಚಿದ್ದರೆ ಹೆಚ್ಚುವರಿ ಶುಲ್ಕವಿದೆ. ಹಣವೂ ಗಟ್ಟಿಯಾದ ಮಂಡಿಯೂ ಇರುವವರಿಗೆ ಇದು ಬೇರೆಲ್ಲೂ ಸುಲಭವಾಗಿ ಸಿಗದ ಅನುಭವ. ನಾಲ್ವರ ಕುಟುಂಬವೊಂದು ಇದಕ್ಕಾಗಿ ಉಳಿದದ್ದನ್ನೆಲ್ಲ ಬಿಡಬೇಕಾದರೆ, ಬೇಡ ಎಂದೇ ಹೇಳುತ್ತೇವೆ.

ಸ್ಕ್ಯಾಗ್ವೇ ಬಂದರಿನ ರೈಲು ಹೇಗಿದೆ?

ಕೆನಡಾದ ಕ್ಲೊಂಡೈಕ್ ಪ್ರದೇಶಕ್ಕೆ ಚಿನ್ನ ಹುಡುಕಿಕೊಂಡು ಜನ ನುಗ್ಗಿದ ಚಿನ್ನದ ಹುಚ್ಚಿನ ಕಾಲದಲ್ಲಿ, 1898ರಿಂದ 1900ರ ನಡುವೆ, ಬೆಟ್ಟ ಕೊರೆದು ಹಾಕಿದ ಮೂರಡಿ ಅಗಲದ ಹಳಿಗಳ ಮೇಲೆ ಓಡುವ ವೈಟ್ ಪಾಸ್ ರೈಲು ಸಮುದ್ರಮಟ್ಟದಿಂದ 873 ಮೀಟರ್ ಎತ್ತರದ ಕಣಿವೆದಾರಿಯ ನೆತ್ತಿಗೆ ಸುಮಾರು 32 ಕಿಲೋಮೀಟರಿನಲ್ಲಿ ಏರುತ್ತದೆ. ಹೋಗಿ ಬರಲು ಮೂರು ಗಂಟೆಯೊಳಗೆ ಮುಗಿಯುತ್ತದೆ, ನಡೆಯುವುದಿಲ್ಲ, ಬೋಗಿಯೊಳಗೆ ಬೆಚ್ಚಗಿರುತ್ತದೆ. ಹಿರಿಯರಿಗೆ ಇದಕ್ಕಿಂತ ಒಪ್ಪುವ ಪ್ರವಾಸ ಈ ಮಾರ್ಗದಲ್ಲಿಲ್ಲ. ಏರುವಾಗ ಎಡಬದಿಯಲ್ಲಿ ಕಣಿವೆ ಕಾಣುತ್ತದೆ. ನೆತ್ತಿಯಲ್ಲಿ ಪ್ರಯಾಣಿಕರನ್ನು ಬದಿ ಬದಲಿಸಲು ಹೇಳುವುದರಿಂದ ಜಾಗಕ್ಕಾಗಿ ನೂಕಾಡುವ ಅಗತ್ಯವಿಲ್ಲ. ಬೋಗಿಗಳ ನಡುವಿನ ತೆರೆದ ಕಟ್ಟೆಯ ಮೇಲೆ ನಿಂತು ಚಿತ್ರ ತೆಗೆಯಬಹುದು.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ನೆತ್ತಿಯವರೆಗೆ ಹೋಗಿ ಇಳಿಯದೆ ಮರಳುವ ರೈಲು ಬೇರೆ, ಕೆನಡಾದೊಳಗಿನ ಫ್ರೇಸರ್ ಅಥವಾ ಕಾರ್‌ಕ್ರಾಸ್‌ವರೆಗೆ ಹೋಗಿ ಬಸ್ಸಿನಲ್ಲಿ ಮರಳುವ ಪ್ರವಾಸ ಬೇರೆ. ಎರಡನೆಯದಕ್ಕೆ ಪಾಸ್‌ಪೋರ್ಟ್ ಮತ್ತು ಕೆನಡಾ ಪ್ರವೇಶದ ದಾಖಲೆಗಳನ್ನು ಕೈಯಲ್ಲೇ ಹಿಡಿದು ಹೋಗಬೇಕು.

ಕೆಚಿಕನ್‌ನಲ್ಲಿ ಸದಾ ಮಳೆ ಎನ್ನುತ್ತಾರೆ, ಅಲ್ಲಿ ಏನು ಮಾಡಬಹುದು?

ಆಗುಂಬೆಯಲ್ಲಿ ವರ್ಷಕ್ಕೆ ಬೀಳುವ ಮಳೆಯ ಸುಮಾರು ಅರ್ಧದಷ್ಟು ಇಲ್ಲಿ ಬೀಳುತ್ತದೆ. ವ್ಯತ್ಯಾಸವೆಂದರೆ ನಮ್ಮಲ್ಲಿಯಂತೆ ಅದಕ್ಕೊಂದು ಪ್ರತ್ಯೇಕ ಕಾಲವಿಲ್ಲ, ವರ್ಷವಿಡೀ ಹಂಚಿಕೊಂಡು ಸುರಿಯುತ್ತದೆ. ಆದ್ದರಿಂದ ಮಿಸ್ಟಿ ಫ್ಯೋರ್ಡ್ಸ್ ಮೇಲಿನ ನೀರುವಿಮಾನದ ಹಾರಾಟವನ್ನು ರದ್ದಾಗಬಹುದೆಂಬ ಸಿದ್ಧತೆಯೊಂದಿಗೇ ಕಾಯ್ದಿರಿಸಬೇಕು. ಹಣ ಖರ್ಚು ಮಾಡದೆ ಕಳೆಯಲು ತಕ್ಕ ಊರು ಇದು. ಹೊಳೆಯ ಮೇಲೆ ಮರದ ಕಂಬಗಳನ್ನು ನೆಟ್ಟು ಕಟ್ಟಿದ ಕ್ರೀಕ್ ಸ್ಟ್ರೀಟ್‌ಗೆ ನಡೆದೇ ಹೋಗಬಹುದು. ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅದೇ ಹೊಳೆಯಲ್ಲಿ ಸಾಲ್ಮನ್ ಮೀನುಗಳು ಪ್ರವಾಹಕ್ಕೆದುರಾಗಿ ಏರುವುದನ್ನು ಸೇತುವೆಯ ಮೇಲೆ ನಿಂತು ನೋಡಬಹುದು. ಇಲ್ಲಿನ ಮೂಲನಿವಾಸಿಗಳಾದ ಟ್ಲಿಂಗಿಟ್ ಮತ್ತು ಹೈಡಾ ಜನರ ಟೋಟೆಮ್ ಕಂಬಗಳನ್ನು ನೋಡಲು ಸ್ಯಾಕ್ಸ್‌ಮನ್ ಅಥವಾ ಟೋಟೆಮ್ ಬೈಟ್‌ಗೆ ಹೋಗಬೇಕು. ಆ ಕಂಬಗಳು ಪೂಜೆಯ ವಿಗ್ರಹಗಳಲ್ಲ. ಕುಲದ ಕಥೆ, ಹಕ್ಕು ಮತ್ತು ನೆನಪುಗಳನ್ನು ಕೆತ್ತಿ ನಿಲ್ಲಿಸಿದ ದಾಖಲೆಗಳು. ಕಥೆ ಹೇಳುವ ಸ್ಥಳೀಯ ಮಾರ್ಗದರ್ಶಕರಿದ್ದರೆ ಮಾತ್ರ ಅವು ತೆರೆದುಕೊಳ್ಳುತ್ತವೆ.

ಕೆಲವು ಹಡಗುಗಳು ಊರಿನಲ್ಲಿ ನಿಲ್ಲದೆ ಉತ್ತರಕ್ಕೆ ಸುಮಾರು 11 ಕಿಲೋಮೀಟರ್ ದೂರದ ವಾರ್ಡ್ ಕೋವ್‌ನಲ್ಲಿ ನಿಲ್ಲುತ್ತವೆ. ಅಲ್ಲಿಂದ ಬಸ್ಸಿಗಾಗಿ ಸಾಲಿನಲ್ಲಿ ನಿಲ್ಲುವ ಸಮಯವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಸಿಟ್ಕಾ ಅಥವಾ ಐಸಿ ಸ್ಟ್ರೇಟ್ ಪಾಯಿಂಟ್ ಬಂದರೆ?

ಸಿಟ್ಕಾ ರಷ್ಯನ್ನರ ಕಾಲದ ರಾಜಧಾನಿ. ಅಲಾಸ್ಕಾ ಅಮೆರಿಕದ ಕೈಗೆ ಬಂದದ್ದು 1867ರ ಅಕ್ಟೋಬರ್ 18ರಂದು ಇದೇ ಊರಿನಲ್ಲಿ. ಕಾಲ್ನಡಿಗೆಗೆ ಹಿತವಾದ ಜಾಗ. ಐಸಿ ಸ್ಟ್ರೇಟ್ ಪಾಯಿಂಟ್ ಹೂನಾ ಟ್ಲಿಂಗಿಟ್ ಜನರ ಒಡೆತನದ್ದು. ಅದೇ ದ್ವೀಪದ ಪಾಯಿಂಟ್ ಅಡಾಲ್ಫಸ್ ಬಳಿ ತಿಮಿಂಗಿಲಗಳು ಹೆಚ್ಚಾಗಿ ಸೇರುವುದರಿಂದ, ನಿಮ್ಮ ಯಾನದಲ್ಲಿ ಈ ಬಂದರಿದ್ದರೆ ತಿಮಿಂಗಿಲದ ದೋಣಿಯನ್ನು ಇಲ್ಲಿ ಹತ್ತಿ, ಜೂನೋದ ದಿನವನ್ನು ಪೂರ್ತಿ ಹಿಮನದಿಗೆ ಬಿಡಬಹುದು.

ಬಟ್ಟೆಬರೆ ಹೇಗಿರಬೇಕು?

ಜುಲೈ ತಿಂಗಳಿನಲ್ಲೂ ಜೂನೋದ ಹಗಲಿನ ಉಷ್ಣಾಂಶ ಸಾಮಾನ್ಯವಾಗಿ 17 ಅಥವಾ 18 ಡಿಗ್ರಿ ಸೆಲ್ಸಿಯಸ್ ಮಾತ್ರ. ಹಿಮನದಿಯ ಎದುರು ಚಲಿಸುವ ಹಡಗಿನ ಡೆಕ್ ಮೇಲೆ ಗಾಳಿ ಸೇರಿ ಇನ್ನೂ ಎಷ್ಟೋ ತಂಪೆನಿಸುತ್ತದೆ. ಒಂದು ದಪ್ಪ ಕೋಟಿಗಿಂತ ಮೂರು ಪದರಗಳು ಮೇಲು: ಮೈಗೆ ಅಂಟಿದಂತೆ ಥರ್ಮಲ್, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್, ಹೊರಗೆ ನೀರು ತಡೆಯುವ ಟೊಪ್ಪಿಗೆಯ ಜಾಕೆಟ್. ಹತ್ತಿ ಬಟ್ಟೆ ಮತ್ತು ಜೀನ್ಸ್ ಒದ್ದೆಯಾದರೆ ಬೇಗ ಒಣಗುವುದಿಲ್ಲ. ಡೆಕ್ ಮೇಲಿನ ಗಾಳಿಯಲ್ಲಿ ಕೊಡೆ ನಿಲ್ಲದು. ಸೀರೆಯನ್ನೇ ಉಡುವ ತಾಯಂದಿರು ಒಳಗೆ ಥರ್ಮಲ್ ಲೆಗ್ಗಿಂಗ್ಸ್ ಧರಿಸಿ ರೈಲಿಗೂ ಊರೊಳಗಿನ ಓಡಾಟಕ್ಕೂ ಆರಾಮವಾಗಿ ಹೋಗಬಹುದು, ಚಿಕ್ಕ ದೋಣಿ ಹತ್ತಿ ಇಳಿಯುವ ದಿನ ಮಾತ್ರ ಸಲ್ವಾರ್ ಅಥವಾ ಪ್ಯಾಂಟ್ ಸುರಕ್ಷಿತ. ಮಕ್ಕಳು ಎಷ್ಟೇ ನಕ್ಕರೂ ಅಪ್ಪನ ಮಂಕಿ ಕ್ಯಾಪ್ ಇಲ್ಲಿ ನಿಜವಾಗಿಯೂ ಕೆಲಸಕ್ಕೆ ಬರುತ್ತದೆ.

ಸಮುದ್ರದ ತಲೆಸುತ್ತು ಹಿರಿಯರನ್ನು ಕಾಡುತ್ತದೆಯೇ?

ಒಳನಾಡಿನ ಜಲಮಾರ್ಗದಲ್ಲಿ ಅಲೆ ಕಡಿಮೆ. ತೆರೆದ ಸಾಗರದ ತುಣುಕುಗಳಲ್ಲಿ ಮಾತ್ರ ತೊಂದರೆ. ಹಡಗಿನ ನಡುಭಾಗದಲ್ಲಿ ಕೆಳಗಿನ ಅಂತಸ್ತಿನ ಕೋಣೆ ಕಡಿಮೆ ತೂಗುತ್ತದೆ. ತಲೆಸುತ್ತಿನ ಮಾತ್ರೆಯನ್ನು ಸಂಕಟ ಶುರುವಾಗುವ ಮೊದಲೇ ತೆಗೆದುಕೊಳ್ಳಬೇಕು. ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇರುವವರು ಅವುಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು. ಹಡಗಿನ ಆಸ್ಪತ್ರೆಯ ಬಿಲ್ಲು ದೊಡ್ಡದು, ತುರ್ತಾಗಿ ವಿಮಾನದಲ್ಲಿ ಸಾಗಿಸಬೇಕಾಗಿ ಬಂದರೆ ಇನ್ನೂ ದೊಡ್ಡದು. ಸಂದರ್ಶಕರಾಗಿ ಬಂದ ತಂದೆತಾಯಿಯರಿಗೆ ಮಾಡಿಸಿದ ವಿಮೆ ಕ್ರೂಸ್ ಯಾನಕ್ಕೂ ಅನ್ವಯಿಸುತ್ತದೆಯೇ ಎಂದು ಬರಹದಲ್ಲಿ ಖಚಿತಪಡಿಸಿಕೊಳ್ಳಿ.

ಸಸ್ಯಾಹಾರಿಗಳಿಗೆ ಊಟದ ತೊಂದರೆಯಿದೆಯೇ?

ಹಡಗಿನಲ್ಲಿ ತೊಂದರೆಯಿಲ್ಲ. ಟಿಕೆಟ್ ಮಾಡಿಸುವಾಗಲೇ ತಿಳಿಸಿ, ಮೊದಲ ಸಂಜೆ ಊಟದ ಕೋಣೆಯ ಮೇಲ್ವಿಚಾರಕರನ್ನು ಮತ್ತೊಮ್ಮೆ ಕಂಡರೆ ಭಾರತೀಯ ಸಸ್ಯಾಹಾರವನ್ನು ಮಾಡಿಕೊಡುವುದು ಹಲವು ಹಡಗುಗಳಲ್ಲಿ ರೂಢಿ. ಅಡುಗೆಮನೆಯಲ್ಲಿ ಭಾರತೀಯ ಸಿಬ್ಬಂದಿಯೂ ಹೆಚ್ಚಾಗಿ ಇರುತ್ತಾರೆ. ಕಷ್ಟವಾಗುವುದು ದಡದಲ್ಲಿ. ಬಂದರಿನ ಹೋಟೆಲುಗಳ ಹೆಮ್ಮೆ ಏಡಿ ಮತ್ತು ಸಾಲ್ಮನ್. ಮೊಹರು ಮಾಡಿದ ಪೊಟ್ಟಣದ ಚಕ್ಕುಲಿ, ಕೋಡುಬಳೆ, ಬಿಸ್ಕತ್ತು ಜೊತೆಗಿರಲಿ. ಹಣ್ಣು ಮತ್ತು ಬಫೆಯ ತಿಂಡಿಯನ್ನು ಹಡಗಿನಿಂದ ಕೆಳಗೆ ಒಯ್ಯಬಾರದು. ರೈಸ್ ಕುಕ್ಕರ್, ಬಿಸಿನೀರಿನ ಕೆಟಲ್, ಇಸ್ತ್ರಿ ಪೆಟ್ಟಿಗೆಗಳನ್ನು ಹತ್ತುವಾಗಲೇ ವಶಪಡಿಸಿಕೊಂಡು ಕೊನೆಯ ದಿನ ಮರಳಿಸುತ್ತಾರೆ.

ಫೋನ್ ಕೆಲಸ ಮಾಡುತ್ತದೆಯೇ?

ಅಲಾಸ್ಕಾದ ಬಂದರುಗಳಲ್ಲಿ ಅಮೆರಿಕದ ಸಂಪರ್ಕವೇ ನಡೆಯುತ್ತದೆ. ಸಮುದ್ರದಲ್ಲಿ ಫೋನನ್ನು ಏರ್‌ಪ್ಲೇನ್ ಮೋಡ್‌ನಲ್ಲಿಡಿ, ಇಲ್ಲವಾದರೆ ಹಡಗಿನ ಉಪಗ್ರಹ ರೋಮಿಂಗ್‌ಗೆ ತಾನಾಗಿ ಸೇರಿಕೊಂಡು ಬಿಲ್ಲು ಏರುತ್ತದೆ.

ಉತ್ತರ ಪ್ರಭೆ ಕಾಣುತ್ತದೆಯೇ?

ಜೂನ್ ಮತ್ತು ಜುಲೈನಲ್ಲಿ ರಾತ್ರಿ ಸಾಕಷ್ಟು ಕತ್ತಲಾಗುವುದಿಲ್ಲವಾದ್ದರಿಂದ ಇಲ್ಲ. ಆಗಸ್ಟ್ ಕೊನೆಯಿಂದ ಕತ್ತಲಿರುತ್ತದೆ. ಆದರೆ ಆಗ್ನೇಯ ಅಲಾಸ್ಕಾದ ಆಕಾಶದಲ್ಲಿ ಮೋಡವೂ ಇರುತ್ತದೆ. ಅದಕ್ಕಾಗಿಯೇ ಹೋಗುವವರು ಕ್ರೂಸ್ ಬಿಟ್ಟು, ಚಳಿಗಾಲದಲ್ಲಿ ಒಳನಾಡಿನ ಫೇರ್‌ಬ್ಯಾಂಕ್ಸ್‌ಗೆ ಹೋಗುವುದು ಸರಿ.